ಶಿಬಿರದ ಬೆಂಕಿಯ ಮುಂದೆ ಬರ್ಬನ್: ನೀರು ಬೆರೆಸಬೇಕೆ?

ಪ್ರಶ್ನೆ: ದಿನವಿಡೀ ಬೆಟ್ಟ ಹತ್ತಿಳಿದು, ಸಂಜೆ ಗುಡಾರದ ಮುಂದೆ ಬೆಂಕಿ ಹಾಕಿ ಕುಳಿತಾಗ ಒಂದು ಲೋಟ ಬರ್ಬನ್ (ಅಮೆರಿಕದ ಒಂದು ಬಗೆಯ ವಿಸ್ಕಿ) ಸವಿಯುವುದು ನನಗೆ ಅತ್ಯಂತ ಪ್ರಿಯವಾದ ವಿರಾಮ. ಈ ಬಾರಿ ತಂದ ‘ಬಾಟಲ್ಡ್ ಇನ್ ಬಾಂಡ್’ ಬಾಟಲಿಯದು ಗಂಟಲು ಸುಡುವಷ್ಟು ಖಾರ. ಎಲ್ಲರೂ ಹೊಗಳುವ ವೆನಿಲಾ ಪರಿಮಳ ನನಗೆ ಸಿಗಲೇ ಇಲ್ಲ. ನೀರು ಬೆರೆಸಿದರೆ ತಪ್ಪೇ?

ಉತ್ತರ 1: ಖಂಡಿತ ತಪ್ಪಲ್ಲ. ಕಲಬೆರಕೆಯನ್ನು ತಡೆಯಲು ಅಮೆರಿಕದಲ್ಲಿ 1897ರಲ್ಲಿ ಬಂದ ಕಾಯ್ದೆಯ ಪ್ರಕಾರ, ‘ಬಾಟಲ್ಡ್ ಇನ್ ಬಾಂಡ್’ ಹೆಸರಿನ ಮದ್ಯವು ಒಂದೇ ಭಟ್ಟಿಯಲ್ಲಿ ಒಂದೇ ಋತುವಿನಲ್ಲಿ ತಯಾರಾಗಿ, ಕನಿಷ್ಠ 4 ವರ್ಷ ಸರ್ಕಾರಿ ನಿಗಾದ ಉಗ್ರಾಣದಲ್ಲಿ ಮಾಗಿ, ಶೇ. 50 ಮದ್ಯಸಾರದೊಂದಿಗೆ ಬಾಟಲಿಗೆ ಇಳಿಯಬೇಕು. ಅಂಥ 60 ಮಿ.ಲೀ.ಗೆ 15 ಮಿ.ಲೀ. ನೀರು ಸೇರಿಸಿದರೆ ಅದು ಸುಮಾರು ಶೇ. 40ಕ್ಕೆ ಇಳಿಯುತ್ತದೆ. ಆದರೆ ಮೊದಲ ಗುಟುಕನ್ನು ಹಾಗೆಯೇ ಸವಿದು, ಆಮೇಲೆ ಹನಿಹನಿಯಾಗಿ ಬೆರೆಸಿ ನೋಡಿ.

ಉತ್ತರ 2: ಕನಿಷ್ಠ ಶೇ. 51 ಮೆಕ್ಕೆಜೋಳವಿರುವ ಧಾನ್ಯಮಿಶ್ರಣದಿಂದ ಇಳಿಸಿದ ಬರ್ಬನ್‌ಗೆ ವೆನಿಲಾ ಬರುವುದು, ಒಳಮೈ ಸುಟ್ಟು ಕಪ್ಪಾಗಿಸಿದ ಹೊಸ ಓಕ್ ಪೀಪಾಯಿಯಿಂದ. ಶಾಖಕ್ಕೆ ಮರದಲ್ಲಿರುವ ಲಿಗ್ನಿನ್ ಎಂಬ ಅಂಶ ಒಡೆದು, ವೆನಿಲಾ ಪರಿಮಳ ಕೊಡುವ ವೆನಿಲಿನ್ ಆಗುತ್ತದೆ. ಹೊಗೆ ಮೂಗಿಗೆ ಅಡರುವ ಕಡೆ ಕುಳಿತರೆ ಈ ನವಿರಾದ ಪರಿಮಳ ಹೇಗೆ ತಿಳಿದೀತು? ಗಾಳಿ ಬೀಸಿ ಬರುವ ದಿಕ್ಕಿಗೆ ಸರಿದು, ತಣ್ಣಗಿರುವ ಲೋಟವನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಬೆಚ್ಚಗಾಗಿಸಿಕೊಳ್ಳಿ.

ಉತ್ತರ 3: ಸೌದೆ ಸೀಳುವ ಕೆಲಸವೆಲ್ಲ ಮುಗಿದ ಮೇಲೆಯೇ ಬಾಟಲಿ ತೆರೆಯಿರಿ ಎಂಬುದು ನನ್ನ ಕಳಕಳಿಯ ವಿನಂತಿ. ಮದ್ಯ ಮೈ ಬೆಚ್ಚಗಾದಂತೆ ಭಾಸವಾಗಿಸಿದರೂ, ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ದೇಹದ ಶಾಖವನ್ನು ಹೊರಹಾಕುತ್ತದೆ. ಆದ್ದರಿಂದ ಚಳಿಯ ರಾತ್ರಿಗೆ ಕಂಬಳಿಯನ್ನೇ ನಂಬಿ.