ಅಪ್‌ಡೇಟ್: ಟ್ಯಾಬ್ ನೋಡಿ ನುಡಿಸುವ ಬೇಸ್ ಈಗ ಹಾಡಿನೊಂದಿಗೆ ಕೂಡುತ್ತಿದೆ

ಟ್ಯಾಬ್‌ನಲ್ಲಿರುವ (ತಂತಿಯನ್ನು ಎಲ್ಲಿ ಒತ್ತಬೇಕೆಂದು ಅಂಕಿಗಳಲ್ಲಿ ತೋರಿಸುವ ಬರಹ) ಅಂಕಿಗಳನ್ನೆಲ್ಲ ಸರಿಯಾಗಿ ಒತ್ತಿದರೂ ಬೇಸ್ ಗಿಟಾರ್‌ನ ಸಾಲು ಮೂಲ ಹಾಡಿನೊಂದಿಗೆ ಏಕೆ ಕೂಡುತ್ತಿಲ್ಲವೆಂದು ಕಳೆದ ವಾರ ಮೈಸೂರಿನಿಂದ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಫಲ ಕೊಟ್ಟದ್ದು ಮಂಡ್ಯದ ಮೃದಂಗ ವಿದ್ಯಾರ್ಥಿಯೊಬ್ಬರ ಸಲಹೆ. ಸಾಮಾನ್ಯ ಟ್ಯಾಬ್ ಯಾವ ತಂತಿ, ಎಷ್ಟನೆಯ ಫ್ರೆಟ್ (ಗಿಟಾರ್‌ನ ಕತ್ತಿನ ಮೇಲಿನ ಅಡ್ಡಪಟ್ಟಿ) ಎಂಬುದನ್ನು ಹೇಳುತ್ತದೆಯೇ ಹೊರತು ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಹೇಳುವುದಿಲ್ಲವಾದ್ದರಿಂದ, ಪ್ರತಿ ಬೀಟ್‌ನ ಕೆಳಗೆ ಅದನ್ನು ನಾಲ್ಕು ಸಮಭಾಗ ಮಾಡುವ ‘ತಕಧಿಮಿ’ ಎಂಬ ಅಕ್ಷರಗಳನ್ನು ಬರೆದುಕೊಂಡು, ಯಾವ ಅಂಕಿ ಯಾವ ಅಕ್ಷರದ ಮೇಲೆ ಬೀಳುತ್ತದೆಂದು ಹಾಡು ಕೇಳುತ್ತಲೇ ಗುರುತಿಸಬೇಕೆಂದು ಅವರು ತಿಳಿಸಿದ್ದರು. ಹಾಗೆ ಮಾಡಿದಾಗ, ನಾನು ‘ತ’ಕಾರದ ಮೇಲೆ ನುಡಿಸುತ್ತಿದ್ದ ಮೂರನೆಯ ತಂತಿಯ 3ನೆಯ ಫ್ರೆಟ್ ನಿಜವಾಗಿ ‘ಧಿ’ಯ ಮೇಲೆ, ಅಂದರೆ ಅರ್ಧ ಬೀಟ್ ತಡವಾಗಿ ಬರಬೇಕೆಂದು ಗೊತ್ತಾಯಿತು. ಅದೊಂದು ಸರಿಹೋದ ಮೇಲೆ ಉಳಿದ ಸಾಲು ಬಹುಬೇಗ ಕೈಗೆ ಬಂತು. ಆ ಸಂತೋಷವನ್ನು ಹೇಳದೆ ಇರಲಾರೆ.

ಸಮವೇಗದಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಒಂದರಿಂದಲೇ ಪ್ರಯೋಜನವಾಗಲಿಲ್ಲ. ಅದು ವೇಗವನ್ನು ಹಿಡಿದಿಡುತ್ತದೆ, ಸ್ವರದ ಜಾಗವನ್ನು ತೋರಿಸುವುದಿಲ್ಲ. ಹಾಡಿನ ವೇಗ ತಗ್ಗಿಸಿ ಕೇಳುವುದು ಮಾತ್ರ ಅಕ್ಷರ ಗುರುತಿಸಲು ನೆರವಾಯಿತು.

ಅಚ್ಚರಿಯೆನಿಸಿದ ಸಂಗತಿಯೂ ಒಂದಿದೆ. ನಾಲ್ಕು ತಂತಿಯ ಬೇಸ್‌ನಲ್ಲಿ ಅತ್ಯಂತ ದಪ್ಪ ತಂತಿಯ ಕಂಪನ ಸುಮಾರು 41 ಹರ್ಟ್ಸ್ ಮಾತ್ರ. ಫೋನಿನ ಪುಟ್ಟ ಸ್ಪೀಕರ್ ಆ ಮೂಲಸ್ವರವನ್ನು ಹೊರಡಿಸಲಾರದು. ಆದ್ದರಿಂದ ಟ್ಯಾಬ್ ಹೋಲಿಸುವವರು ದಯವಿಟ್ಟು ಹೆಡ್‌ಫೋನ್ ಹಾಕಿಕೊಂಡೇ ಹಾಡನ್ನು ಕೇಳಿರಿ.