ಸೆನ್ಸರ್ ಒಂದು ಹೇಳುತ್ತೆ, ಬೆರಳು ಇನ್ನೊಂದು: ಯಾವುದನ್ನು ನಂಬಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಇನ್ಸುಲಿನ್ ತಗೊಳ್ತೀನಿ, ಈಗ ತೋಳಿಗೆ ಶುಗರ್ ಸೆನ್ಸರ್ ಹಾಕಿಸಿದ್ದೇನೆ. ನಡುರಾತ್ರಿ 58 ಅಂತ ಅಲಾರಂ ಹೊಡೆಯುತ್ತೆ, ಬೆರಳು ಚುಚ್ಚಿದರೆ 104. ಊಟದ ನಂತರವೂ ಎರಡೂ ತಾಳೆಯಾಗಲ್ಲ. ಸೆನ್ಸರ್ ಕೆಟ್ಟಿದೆಯಾ?

ಉತ್ತರ (ಮಧುಮೇಹ ತರಬೇತುದಾರರು): ಕೆಟ್ಟಿರಲಿಕ್ಕಿಲ್ಲ. ರಾತ್ರಿ ಆ ತೋಳಿನ ಮೇಲೇ ಮಗ್ಗುಲಾಗಿ ಮಲಗುತ್ತೀರಾ, ಗಮನಿಸಿ. ಒತ್ತಡ ಬಿದ್ದಾಗ ಸೆನ್ಸರ್ ಸುತ್ತ ರಕ್ತದ ಓಡಾಟ ಕಡಿಮೆಯಾಗಿ ಸುಳ್ಳು ಲೋ (ಶುಗರ್ ಕಡಿಮೆಯಾಗಿದೆ ಅಂತ) ತೋರಿಸುತ್ತದೆ. ಗ್ರಾಫ್‌ನಲ್ಲಿ ಗೆರೆ ಧಡಕ್ಕನೆ ಬಿದ್ದು, ಮಗ್ಗುಲು ಬದಲಿಸಿದ ಮೇಲೆ ಅಷ್ಟೇ ಬೇಗ ಏರಿದ್ದರೆ ಬಹುಮಟ್ಟಿಗೆ ಇದೇ ಕಾರಣ. ಹಾಗಂತ ಅಲಾರಂ ಆರಿಸಿ ಮಲಗಬೇಡಿ. ಬೆರಳು ಚುಚ್ಚಿ ನೋಡಿ. ಬೆವರು, ನಡುಕ ಇದ್ದರೆ, ಅಥವಾ ಮೀಟರ್ ಕೈಗೆ ಸಿಗದಿದ್ದರೆ, ಮೊದಲು ಸಕ್ಕರೆ ತಗೊಳ್ಳಿ.

ಇನ್ನು ಊಟದ ನಂತರದ್ದು. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿ ಜೀವಕೋಶಗಳ ನಡುವೆ ಇರುವ ದ್ರವವನ್ನು. ರಕ್ತದಲ್ಲಾದ ಬದಲಾವಣೆ ಅಲ್ಲಿ ಕಾಣಿಸಲು 5ರಿಂದ 15 ನಿಮಿಷ ಬೇಕು. ಶುಗರ್ ವೇಗವಾಗಿ ಏರಿಳಿಯುವಾಗ ಅಂತರ ಹೆಚ್ಚುತ್ತದೆ. ಹೋಲಿಸಿ ನೋಡುವುದಾದರೆ, ಸೆನ್ಸರ್ ಅಂಕಿಯ ಪಕ್ಕದಲ್ಲಿ ಏರಿಳಿತ ತೋರಿಸುವ ಬಾಣ ಅಡ್ಡಕ್ಕಿರುವಾಗ (ಶುಗರ್ ಸ್ಥಿರವಾಗಿರುವಾಗ), ಕೈ ಸೋಪಿನಲ್ಲಿ ತೊಳೆದು ಒರೆಸಿಕೊಂಡು ಚುಚ್ಚಿ. ಮೀಟರ್ 80ಕ್ಕಿಂತ ಮೇಲಿದ್ದರೆ ಶೇ. 20ರೊಳಗಿನ ವ್ಯತ್ಯಾಸ, ಅದಕ್ಕಿಂತ ಕೆಳಗಿದ್ದರೆ 20 ಅಂಕಿಯೊಳಗಿನ ವ್ಯತ್ಯಾಸ ಸಾಮಾನ್ಯ. ಮೀಟರ್‌ನಲ್ಲೂ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ ಎನ್ನುವುದು ನೆನಪಿರಲಿ.

ನಾನು ಬಾಣವನ್ನೇ ಹೆಚ್ಚು ನೋಡಿ ಅನ್ನುತ್ತೇನೆ. 110 ಇದ್ದು ನಿಮಿಷಕ್ಕೆ 2ರಂತೆ ಇಳಿಯುತ್ತಿದ್ದರೆ 20 ನಿಮಿಷಕ್ಕೆ 70. ಅದೇ 110 ಸ್ಥಿರವಾಗಿದ್ದರೆ ಆತಂಕವಿಲ್ಲ.

ಪ್ರಶ್ನೆ: ಲೋ ಆದಾಗ ಸಕ್ಕರೆ ತಿಂದರೂ ಸೆನ್ಸರ್ ಇಳಿಯುತ್ತಲೇ ಇರುತ್ತೆ. ಮತ್ತೆ ತಿನ್ನಬೇಕಾ?

ಉತ್ತರ: ಬಹಳ ಜನ ಎಡವುವುದು ಇಲ್ಲೇ. 15 ಗ್ರಾಂ ಗ್ಲುಕೋಸ್ ಅಥವಾ ಸಕ್ಕರೆ ತಗೊಂಡು 15 ನಿಮಿಷ ಬಿಟ್ಟು ಬೆರಳು ಚುಚ್ಚಿ. ಆಗ ಸೆನ್ಸರ್ ನೋಡಿ ತೀರ್ಮಾನಿಸಬೇಡಿ. ರಕ್ತದಲ್ಲಿ ಏರಿದ್ದರೂ ಸೆನ್ಸರ್ ಹಿಂದುಳಿದಿರುತ್ತದೆ. ಅದನ್ನೇ ನಂಬಿ ಮತ್ತೆ ಮತ್ತೆ ತಿಂದರೆ ಗಂಟೆಯೊಳಗೆ 250 ದಾಟಬಹುದು. ಮೀಟರ್‌ನಲ್ಲೂ 70ಕ್ಕಿಂತ ಕಡಿಮೆ ಇದ್ದರೆ ಮಾತ್ರ ಇನ್ನೊಂದು 15 ಗ್ರಾಂ.

ಪ್ರಶ್ನೆ: ಸೆನ್ಸರ್ ಬೇಗ ಕಿತ್ತು ಬರುತ್ತೆ, ಸುತ್ತ ತುರಿಕೆ ಬೇರೆ.

ಉತ್ತರ: ಎಣ್ಣೆ, ಲೋಷನ್ ಹಚ್ಚಿದ ಚರ್ಮಕ್ಕೆ ಅಂಟು ಹಿಡಿಯಲ್ಲ. ಸೋಪಿನಲ್ಲಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಪ್ರತಿ ಸಲ ಜಾಗ ಬದಲಿಸಿ. ಬರೀ ತುರಿಕೆಯಾದರೆ ಬೆವರು ಕಾರಣವಿರಬಹುದು. ಅಂಟಿನ ಆಕಾರದಲ್ಲೇ ಕೆಂಪಗೆ ಗುಳ್ಳೆ ಎದ್ದರೆ ಅಂಟಿನ ಅಲರ್ಜಿ ಇರಬಹುದು, ತೆಗೆದು ಚರ್ಮದ ವೈದ್ಯರಿಗೆ ತೋರಿಸಿ.

ಪ್ರಶ್ನೆ: ವಿಟಮಿನ್ ಸಿ ಮಾತ್ರೆ ತಗೋಬಹುದಾ?

ಉತ್ತರ: ನಿಮ್ಮ ಮಾಡೆಲ್ ಜೊತೆ ಬಂದ ಸೂಚನಾಪತ್ರ ನೋಡಿ. ಕೆಲವು ಸೆನ್ಸರ್‌ಗಳು ದಿನಕ್ಕೆ 500 ಮಿ.ಗ್ರಾಂ. ಮೀರಿದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಆಗ ನಿಜವಾದ ಲೋ ಗೊತ್ತೇ ಆಗುವುದಿಲ್ಲ, ಅಪಾಯ ಇರುವುದು ಅದರಲ್ಲೇ. ಕೆಲವು ಮಾಡೆಲ್‌ಗಳಿಗೆ ಪ್ಯಾರಸಿಟಮಾಲ್, ಹೈಡ್ರಾಕ್ಸಿಯೂರಿಯಾ (ಕೆಲವು ರಕ್ತದ ಕಾಯಿಲೆಗಳಿಗೆ ಕೊಡುವ ಮಾತ್ರೆ) ಕೂಡ ಹೀಗೇ ಅಡ್ಡ ಬರುತ್ತವೆ. ಹೊಸ ಸೆನ್ಸರ್ ಮೊದಲ 24 ಗಂಟೆ ಅಷ್ಟು ನಿಖರವಲ್ಲ. ಆ ದಿನ ಇನ್ಸುಲಿನ್ ಡೋಸ್‌ಗೆ ಮುಂಚೆ ಬೆರಳು ಚುಚ್ಚಿಯೇ ನೋಡಿ.