ಹಾಲ್ ಸ್ಟ್ಯಾಂಡಿನ ಜಾತಕ

"ನೂರೈವತ್ತು ವರ್ಷದ್ದಂತೆ. ಅಪ್ಪಟ ಓಕ್ ಅಂತೆ. ವಿಕ್ಟೋರಿಯಾ ರಾಣಿ ಕಾಲದ್ದಂತೆ," ಎಂದು ಸುಬ್ಬು, ತಾನು ಕೊಳ್ಳಬೇಕೆಂದಿದ್ದ ಹಾಲ್ ಸ್ಟ್ಯಾಂಡಿನ ಫೋಟೋಗಳಿದ್ದ ಫೋನನ್ನು ನಮ್ಮ ಮೂಗಿಗೆ ಹಿಡಿದ.

"ಅಂತೆ ಕಂತೆ ಆಮೇಲೆ. ಹಿಂಭಾಗದ ಫೋಟೋ ಇದೆಯೇನೋ?" ಅಂದರು ಶಾಮಣ್ಣ.

ಹಿಂಭಾಗ ಯಾರಿಗೆ ಬೇಕು! ಬಹುಪಾಲು ಫೋಟೋಗಳಲ್ಲಿ ಆ ಹಾಲ್ ಸ್ಟ್ಯಾಂಡಿನ ಕನ್ನಡಿಯೊಳಗೆ ಸುಬ್ಬುವೇ ತಲೆ ಬಾಚಿಕೊಂಡು ನಿಂತಿದ್ದ. ಅವನನ್ನು ದಾಟಿ ನೋಡಿದರೆ ಸಾಮಾನು ಪರವಾಗಿಲ್ಲ. ಕೆಳಗೆ ಮುಚ್ಚಳ ಎತ್ತಿ ಒಳಗೆ ಸಾಮಾನು ತುಂಬುವಂಥ ಆಸನ, ಮೇಲೆ ಕನ್ನಡಿ, ಅದರ ಎರಡೂ ಬದಿಗೆ ಕೋಟು-ಟೋಪಿಗೆ ಕೊಕ್ಕೆ, ಪಕ್ಕದಲ್ಲಿ ಕೊಡೆ ನಿಲ್ಲಿಸುವ ಬಳೆ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡ್, ಅಮೆರಿಕದ ಮನೆಗಳಲ್ಲಿ ಬಾಗಿಲು ತೆರೆದೊಡನೆ ಬಂದವರ ಕಣ್ಣಿಗೆ ಬೀಳುತ್ತಿದ್ದದ್ದು ಇದೇ. ಅದಕ್ಕೇ ಕೆತ್ತನೆಯೆಲ್ಲ ಮುಂದೆ, ಒರಟು ಹಲಗೆ ಹಿಂದೆ.

"ಮುಂಭಾಗ ಮಾರೋಕೆ ಇರೋದು. ನಿಜ ಹೇಳೋದು ಹಿಂಭಾಗ, ಅಡಿಭಾಗ," ಎಂದು ಶಾಮಣ್ಣ ಕನ್ನಡಕ ಏರಿಸಿದರು. ಸುಬ್ಬುವಿನ ತಮ್ಮ ಪುಣ್ಯಾತ್ಮ, ಹಿಂದೆ ನುಸುಳಿ ಕೆಲವು ಫೋಟೋ ತೆಗೆದಿದ್ದ.

ಮೊದಲು ಆಸನದ ಮುಚ್ಚಳ. ಮೇಲೆ ಓಡುವ ಮರದ ಗೆರೆ ತುದಿಯಲ್ಲೂ ಮುಂದುವರಿದಿತ್ತು. ಗಟ್ಟಿ ಹಲಗೆ, ಮೇಲೆ ತೆಳು ಮರದ ಹಾಳೆ ಅಂಟಿಸಿದ ವೆನೀರ್ ಅಲ್ಲ. ಗೆರೆಗೆ ಅಡ್ಡವಾಗಿ ಮಿರಿಮಿರಿ ಪಟ್ಟೆ ಬೇರೆ. ಓಕ್ ದಿಮ್ಮಿಯನ್ನು ತಿರುಳಿನ ಕಡೆಗೆ ಸೀಳಿ ಕೊಯ್ದರೆ ಅಂಥ ಪಟ್ಟೆ ಕಾಣುತ್ತದೆ. ಅಡಿಯ ಹಲಗೆಯಲ್ಲಿ ಬಿಲ್ಲಿನಂತೆ ಬಾಗಿದ ಗರಗಸದ ಗುರುತು, ಅಂದರೆ ಯಂತ್ರದ ದುಂಡು ಗರಗಸ; ಅದು ರಾಣಿಯ ಕಾಲಕ್ಕೂ ಹೊಂದುತ್ತದೆ. ಪುಟ್ಟ ಡ್ರಾಯರಿನ ಮೂಲೆಯಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಡವ್‌ಟೇಲ್ ಹಲ್ಲುಗಳು ಒಂದು ದಪ್ಪ, ಒಂದು ಸಣ್ಣ.

"ಅಷ್ಟು ವಕ್ರವಾಗಿದ್ರೆ ಕೆಲಸ ಕೆಟ್ಟದ್ದಲ್ವಾ?" ಅಂದಳು ಪದ್ದಿ.

"ಕೈಯಲ್ಲಿ ಕೊಯ್ದದ್ದಮ್ಮಾ. ಎಲ್ಲ ಹಲ್ಲೂ ಒಂದೇ ಅಳತೆ ಇದ್ರೆ ಯಂತ್ರ ಅಂತ ಅನುಮಾನ ಪಡಬೇಕು."

ಸುಬ್ಬು ಎದೆ ಉಬ್ಬಿಸಿದ. ಅಷ್ಟರಲ್ಲಿ ಶಾಮಣ್ಣ ಕನ್ನಡಿಯ ಹಿಂಬದಿಯ ಫೋಟೋವನ್ನು ಹಿಗ್ಗಿಸಿದರು. ಕೂಡಿಸುವ ಚಿಹ್ನೆ ಕೊರೆದ ತಲೆಯ ಸ್ಕ್ರೂಗಳು, ಸಾಲಾಗಿ.

"ಇದು ಫಿಲಿಪ್ಸ್ ಸ್ಕ್ರೂ. ಪೇಟೆಂಟ್ ಆದದ್ದು 1936ರಲ್ಲಿ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ದೆವ್ವವಾಗಿ ಬಂದು ಬಿಗಿದು ಹೋದಳೇನೋ?"

"ಯಾರೋ ರಿಪೇರಿ ಮಾಡಿರಬಹುದಲ್ಲ!"

"ಮಾಡಿರಬಹುದು. ಹಾಗಿದ್ರೆ ಹಳೇ ತೂತು ಎಲ್ಲಿ? ಕಬ್ಬಿಣ ಓಕ್‌ನಲ್ಲಿ ಬಹಳ ಕಾಲ ಕೂತ್ರೆ ಸುತ್ತ ಕಪ್ಪು ಕಲೆ ಬಿಡುತ್ತೆ, ಆ ಮರದಲ್ಲಿರೋ ಟ್ಯಾನಿನ್ ಅನ್ನೋ ಒಗರು ಹಾಗೆ. ಕೆಳಗಿನ ಪೆಟ್ಟಿಗೇಲಿ ಪ್ರತಿ ಮೊಳೆಗೂ ಕಪ್ಪು ಕಲೆ ಇದೆ. ಮೇಲೆ ಒಂದೂ ಇಲ್ಲ. ಅದರ ಬೆನ್ನಿಗಿರೋದು ಪ್ಲೈವುಡ್ಡು. ಕೆಳಗಿನದು ಮುತ್ತಜ್ಜಿ, ಮೇಲಿನದು ಮೊಮ್ಮಗ. ಜಾತಕ ನೋಡದೆ ಗಂಟು ಹಾಕಿದ್ದಾರೆ."

ಹೀಗೆ ಎರಡು ಸಾಮಾನು ಸೇರಿಸಿ ಒಂದು ಮಾಡುವುದು ಹಳೇ ಪೀಠೋಪಕರಣದ ವ್ಯಾಪಾರದಲ್ಲಿ ಹೊಸದೇನಲ್ಲ. ಬೆಲೆ ಇಳಿಯುತ್ತದೆ, ಅಷ್ಟೇ. ಸುಬ್ಬುವಿನ ಮುಖವೂ ಇಳಿದಿತ್ತು.

"ಪಾಲಿಶ್ ಹಳೇದೇ ಅಲ್ವಾ?" ಎಂದು ಕೊನೆಯ ಹುಲ್ಲುಕಡ್ಡಿ ಹಿಡಿದ.

"ಕಾಣದ ಮೂಲೇಲಿ ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸು. ಅಂಟಂಟಾದ್ರೆ ಹಳೇ ಕಾಲದವರು ಹಚ್ತಿದ್ದ ಅರಗಿನ ಪಾಲಿಶ್. ಈಗಲೂ ಅರಗು ಹಚ್ಚೋರಿದ್ದಾರೆ, ಅದೊಂದನ್ನೇ ನಂಬಬೇಡ. ಮಾರೋರ ಅಪ್ಪಣೆ ಕೇಳು, ಇಲ್ಲಾಂದ್ರೆ ನಿನ್ನನ್ನೇ ಒರೆಸ್ತಾರೆ."

ಇನ್ನು ಬೆಲೆಯ ಮಾತು. ಇದರಲ್ಲಿ ಪದ್ದಿ ಗಟ್ಟಿ. "ಇಂಥದ್ದೇ ಒಂದಕ್ಕೆ ಇಂಟರ್ನೆಟ್ಟಲ್ಲಿ ಇಷ್ಟು ಹೇಳ್ತಾ ಇದ್ದಾರೆ" ಅಂತ ಸುಬ್ಬು ಬಾಯಿ ತೆರೆದದ್ದೇ ತಡ, "ಹೇಳೋಕೆ ದುಡ್ಡು ಕೊಡಬೇಕಾ? ಎಷ್ಟಕ್ಕೆ ಮಾರಿಹೋಯ್ತು ಅನ್ನೋದನ್ನ ನೋಡು. ಹರಾಜಿನ ಹಳೇ ಫಲಿತಾಂಶ ಹುಡುಕು. ಮಾರೋರು ನಿಂಗೆ ತೋರಿಸಿದ ಬೆಲೆಯ ಕಾಗದ ವಿಮೆಗೆ ಬರೆಸಿದ್ದು. ಸುಟ್ಟುಹೋದ್ರೆ ಇನ್ನೊಂದು ಅಂಗಡಿಯಿಂದ ತರೋಕೆ ಬೇಕಾಗೋ ಮೊತ್ತ ಅದು. ಆ ದರಕ್ಕೆ ಯಾರೂ ನಿನ್ನಿಂದ ಕೊಳ್ಳಲ್ಲ."

ಇಂಥ ಭಾರೀ ಕೆತ್ತನೆಯ ಕಂದು ಸಾಮಾನಿಗೆ ಹಿಂದಿನಷ್ಟು ಗಿರಾಕಿ ಈಗಿಲ್ಲ ಎಂಬುದನ್ನೂ ಅವಳೇ ಹೇಳಿದಳು. ಏಳಡಿ ಎತ್ತರದ್ದು ಈಗಿನ ಮನೆಯ ಬಾಗಿಲಲ್ಲಿ ನಿಂತರೆ ಮನೆಯವರು ಹೊರಗೇ ನಿಲ್ಲಬೇಕು. ನನ್ನನ್ನು ಕೇಳಿದರೆ, ಆ ಕೆಳಗಿನ ಪೆಟ್ಟಿಗೆಗೆ ನ್ಯಾಯವಾದ ಬೆಲೆ ಕೊಟ್ಟು, ಮೇಲಿನದನ್ನು ಪುಕ್ಕಟೆ ಅಂದುಕೊಂಡು ತರಬಹುದು.

"ಕೊಡೆಯ ಬಳೆ ಕೆಳಗೆ ನೀರು ಬೀಳೋಕೆ ಲೋಹದ ತಟ್ಟೆ ಇರಬೇಕಲ್ಲ, ಇಲ್ಲಿ ಬರೀ ಗುಂಡಿ ಇದೆ," ಅಂದರು ಶಾಮಣ್ಣ. "ಅದಿಲ್ಲದಿದ್ರೆ ಇನ್ನಷ್ಟು ಇಳಿಸಬೇಕು. ಕೇಳು."

ಸುಬ್ಬುವಿಗೆ ಜೀವ ಬಂತು. ಅಲ್ಲೇ ಫೋನ್ ಮಾಡಿ, ಸ್ಪೀಕರ್ ಹಾಕಿ, ಸ್ಕ್ರೂ, ಪ್ಲೈವುಡ್ಡು, ಮುತ್ತಜ್ಜಿ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿ, "ತಟ್ಟೆ ಬೇರೆ ಇಲ್ಲ, ಏನ್ ಸ್ವಾಮೀ?" ಎಂದು ಜೋರು ಮಾಡಿದ.

ಆ ಕಡೆಯ ದನಿ ತಣ್ಣಗಿತ್ತು. "ತಟ್ಟೆ ಇದೆಯಲ್ಲ. ಹೂಕುಂಡದ ಕೆಳಗಿಟ್ಟಿದ್ದೀವಿ. ಅದು ನಿಜವಾಗ್ಲೂ ನೂರೈವತ್ತು ವರ್ಷದ್ದು ಸಾರ್, ಅದಕ್ಕೆ ಬೇರೆ ರೇಟು."